ವಿಲಿಯಂ ಕ್ಲೇಟನ್: ದಾರಿಯ ಮೈಲಿ ಎಣಿಸಿದ ಮಾರ್ಮನ್ ಗುಮಾಸ್ತ – ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಮನ್ನರ ಪಶ್ಚಿಮದ ವಲಸೆಯ ಬಗ್ಗೆ ಓದಲು ಕೂತವರಿಗೆ ಜೋಸೆಫ್ ಸ್ಮಿತ್, ಬ್ರಿಗಮ್ ಯಂಗ್ ಎಂಬ ಎರಡು ಹೆಸರುಗಳು ಮೊದಲ ಪುಟದಲ್ಲೇ ಸಿಗುತ್ತವೆ. ಅವರಿಬ್ಬರ ಮಾತನ್ನೂ ನಡೆಯನ್ನೂ ಕಾಗದಕ್ಕಿಳಿಸಿದ ಗುಮಾಸ್ತನ ಹೆಸರು ಬಹಳ ತಡವಾಗಿ ಸಿಗುತ್ತದೆ. ಅವನ ಬಗ್ಗೆ ಪತ್ರಗಳಲ್ಲಿ, ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇವೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲ ಪರಿಚಯ

ಈ ವಿಲಿಯಂ ಕ್ಲೇಟನ್ ಯಾರು? ಹೆಸರೇ ಕೇಳಿಲ್ಲವಲ್ಲ!

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಪೆನ್‌ವರ್ದಮ್ ಎಂಬ ಊರಿನಲ್ಲಿ 1814ರ ಜುಲೈ 17ರಂದು ಹುಟ್ಟಿದವನು. ತಂದೆ ಶಾಲಾಮಾಸ್ತರ. ಮಗ ಲೆಕ್ಕ ಬರೆಯುವುದನ್ನು ಕಲಿತು ಗುಮಾಸ್ತನಾದ, ಪಿಟೀಲು ನುಡಿಸುತ್ತಿದ್ದ. 1837ರಲ್ಲಿ ಮಾರ್ಮನ್ ಪಂಥ ಸೇರಿದ, 1840ರಲ್ಲಿ ಅಮೆರಿಕಕ್ಕೆ ಹೋದ, 1842ರಿಂದ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಬರಹಗಾರನಾದ, 1847ರಲ್ಲಿ ಇಂದಿನ ಉಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಗೆ ಹೊರಟ ಮೊದಲ ತಂಡದಲ್ಲಿದ್ದ. 1879ರ ಡಿಸೆಂಬರ್ 4ರಂದು ಸಾಲ್ಟ್ ಲೇಕ್ ನಗರದಲ್ಲಿ ತೀರಿಕೊಂಡ.

ಇಷ್ಟೇ ಆಗಿದ್ದರೆ ಅವನು ಸಾವಿರಾರು ವಲಸಿಗರಲ್ಲಿ ಒಬ್ಬ. ಆದರೆ ಕಂಡದ್ದನ್ನು ಅಂದಂದೇ ಬರೆದಿಡುವ, ಅಂದಾಜು ಸಾಲದಾದಾಗ ಅಳೆದು ನೋಡುವ ಸ್ವಭಾವ ಅವನಿಗಿತ್ತು. ಆ ಕಾಲದ ಎಷ್ಟೋ ಸಂಗತಿಗಳು ಇವತ್ತು ನಮಗೆ ತಿಳಿದಿರುವುದು ಆ ಸ್ವಭಾವದಿಂದಲೇ.

ಮಾರ್ಮನ್ನರು ಅಂದರೆ ಯಾರು? ಅವರೂ ಕ್ರೈಸ್ತರೇ ಅಲ್ಲವೇ?

ಅವರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ. ಸಭೆಯ ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದ. ಬೈಬಲ್ ಜೊತೆಗೆ 'ಬುಕ್ ಆಫ್ ಮಾರ್ಮನ್' ಅವರಿಗೆ ಧರ್ಮಗ್ರಂಥ; ಅಡ್ಡಹೆಸರು ಬಂದದ್ದು ಅದರಿಂದ. ಉಳಿದ ಹಲವು ಕ್ರೈಸ್ತ ಪಂಗಡಗಳು ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರೆಂಬ ನಂಬಿಕೆಯ) ವಿಷಯದಲ್ಲಿ, ಹೊಸ ಧರ್ಮಗ್ರಂಥದ ವಿಷಯದಲ್ಲಿ ಇವರನ್ನು ಒಪ್ಪುವುದಿಲ್ಲ.

ಇಂಗ್ಲೆಂಡಿನ ಗುಮಾಸ್ತನಿಗೆ ಅಮೆರಿಕದ ಹೊಸ ಪಂಥ ಸಿಕ್ಕಿದ್ದು ಹೇಗೆ?

1837ರ ಜುಲೈನಲ್ಲಿ ಮಾರ್ಮನ್ ಪ್ರಚಾರಕ ಹೀಬರ್ ಸಿ. ಕಿಂಬಲ್ ಮತ್ತು ಸಂಗಡಿಗರು ಲಿವರ್‌ಪೂಲಿನಲ್ಲಿ ಇಳಿದು ನೇರ ಪ್ರೆಸ್ಟನ್ ಪಟ್ಟಣಕ್ಕೆ ಬಂದರು. ಅದು ಹತ್ತಿ ಗಿರಣಿಗಳ ಊರು. ಬಡತನ, ಹೊಗೆ, ಜೊತೆಗೆ ಹೊಸ ಬೋಧನೆ ಕೇಳಲು ಹಸಿದಿದ್ದ ಜನ. ಜುಲೈ 30ರಂದು ರಿಬ್ಬಲ್ ನದಿಯಲ್ಲಿ ಮೊದಲ ಒಂಬತ್ತು ಮಂದಿಗೆ ದೀಕ್ಷಾಸ್ನಾನವಾಯಿತು. ಪೆನ್‌ವರ್ದಮ್ ಇರುವುದು ಅದೇ ನದಿಯ ಆಚೆ ದಂಡೆಯಲ್ಲಿ. ಕ್ಲೇಟನ್ ಅಕ್ಟೋಬರ್ 21ರಂದು ಅದೇ ನದಿಯಲ್ಲಿ ಕಿಂಬಲ್ ಕೈಯಿಂದ ದೀಕ್ಷೆ ಪಡೆದ. ಅಷ್ಟರಲ್ಲಿ ರೂತ್ ಮೂನ್ ಜೊತೆ ಅವನ ಮದುವೆಯಾಗಿ ಒಂದು ವರ್ಷ ಕಳೆದಿತ್ತು.

ಆರೇ ತಿಂಗಳಲ್ಲಿ, 1838ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಸಭೆಯ ಆಡಳಿತ ನೋಡಿಕೊಳ್ಳುವ ಮೂವರಲ್ಲಿ ಒಬ್ಬನಾಗಿ ಅವನನ್ನು ನೇಮಿಸಿದರು. ಇಪ್ಪತ್ತಮೂರು ವರ್ಷದ ಹುಡುಗನಿಗೆ ಇದು ಸಣ್ಣ ಹೊಣೆಯಲ್ಲ. ಆಮೇಲೆ ಮ್ಯಾಂಚೆಸ್ಟರಿನಲ್ಲಿ ಸಭೆ ಕಟ್ಟಿದವನೂ ಅವನೇ.

'ಪಯನಿಯರ್' ಅಂದರೆ ಕೈಗಾಡಿ ಎಳೆದುಕೊಂಡು ಹೋದವರಾ?

ಕೈಗಾಡಿಗಳು ಓಡಿದ್ದು 1856ರಿಂದ 1860ರವರೆಗೆ ಮಾತ್ರ. ಬಹುತೇಕರು ಎತ್ತಿನ ಬಂಡಿಗಳಲ್ಲಿ, ಬಂಡಿಗಳ ಪಕ್ಕದಲ್ಲಿ ನಡೆದು ಹೋದವರು. ಮಾರ್ಮನ್ನರ ಲೆಕ್ಕದಲ್ಲಿ 1847ರಿಂದ 1869ರಲ್ಲಿ ರೈಲು ಬರುವವರೆಗೆ ಉಟಾಕ್ಕೆ ಹೋದವರೆಲ್ಲ ಪಯನಿಯರ್‌ಗಳೇ; ಸುಮಾರು 70,000 ಮಂದಿ ಎನ್ನುತ್ತಾರೆ. ಕ್ಲೇಟನ್ ಮೊದಲ ವರ್ಷದ ಮೊದಲ ತಂಡದವನು. ಕೈಗಾಡಿಗೂ ಅವನಿಗೂ ಸಂಬಂಧವಿಲ್ಲ.

## ಕಡಲು ದಾಟಿ ನೌವೂಗೆ

ಲಿವರ್‌ಪೂಲಿನಿಂದ ಇಲಿನಾಯ್‌ವರೆಗೆ ಯಾವ ದಾರಿ? ಎಷ್ಟು ದಿನ ಹಿಡಿಯಿತು?

'ನಾರ್ತ್ ಅಮೆರಿಕ' ಎಂಬ ಹಡಗು 1840ರ ಸೆಪ್ಟೆಂಬರ್ 8ರಂದು ಸುಮಾರು 200 ಮಾರ್ಮನ್ನರನ್ನು ಹೊತ್ತು ಹೊರಟಿತು. ತಂಡದ ಮುಖ್ಯಸ್ಥ ಥಿಯೊಡೋರ್ ಟರ್ಲಿ. ಅಟ್ಲಾಂಟಿಕ್ ದಾಟಲು ತಿಂಗಳಿಗೂ ತುಸು ಹೆಚ್ಚು ಹಿಡಿಯಿತು. ನ್ಯೂಯಾರ್ಕಿನಿಂದ ಹಡ್ಸನ್ ನದಿಯ ಮೇಲೆ ಆಲ್ಬನಿಗೆ, ಅಲ್ಲಿಂದ ಈರಿ ಕಾಲುವೆಯ ದೋಣಿಯಲ್ಲಿ ಬಫಲೋಗೆ, ಸರೋವರಗಳ ಹಬೆಹಡಗಿನಲ್ಲಿ ಶಿಕಾಗೋಗೆ. ಬಫಲೋದಲ್ಲಿ ಕೆಲವರ ಕೈಯ ಹಣ ಮುಗಿದು, ಅವರು ಹತ್ತಿರದ ಒಹಾಯೋದ ಕರ್ಟ್‌ಲೆಂಡ್‌ನಲ್ಲೇ ಉಳಿದರು. ಉಳಿದವರು ಶಿಕಾಗೋದಿಂದ ಬಂಡಿಯಲ್ಲಿ ಡಿಕ್ಸನ್ಸ್ ಫೆರಿಗೆ ಹೋಗಿ, ದೋಣಿಯಲ್ಲಿ ರಾಕ್ ನದಿಯಿಳಿದು, ಮಿಸಿಸಿಪ್ಪಿ ಸೇರಿ, ನವೆಂಬರ್ 24ರಂದು ಇಲಿನಾಯ್‌ನಲ್ಲಿ ಮಾರ್ಮನ್ನರು ನೆಲೆಸಿದ್ದ ನೌವೂ ಪಟ್ಟಣ ತಲುಪಿದರು.

ಹಡಗು ಬಿಟ್ಟ ದಿನದಿಂದ ಎಣಿಸಿದರೆ 77 ದಿನ. ದುಡ್ಡು ಸಾಲದೆ ಹೋದದ್ದು ಬಹಳ ಮಂದಿಗೆ ಕಡಲಿನಲ್ಲಿ ಅಲ್ಲ, ಅಮೆರಿಕದ ನೆಲದ ಮೇಲೆ. ಪ್ರತಿ ಹಂತದಲ್ಲೂ ಬೇರೆ ಬೇರೆ ಬಾಡಿಗೆ ತೆರಬೇಕಿತ್ತಲ್ಲ!

ನೌವೂನಲ್ಲಿ ಅವನು ಮಾಡುತ್ತಿದ್ದ ಕೆಲಸ ಏನು?

ಮೊದಲು ನದಿಯಾಚೆ ಐಯೋವಾ ಕಡೆ ಬೇಸಾಯಕ್ಕೆ ಕೈಹಾಕಿದ. ಲೇಖನಿ ಹಿಡಿದ ಕೈಗೆ ಅದು ಒಗ್ಗಲಿಲ್ಲ. 1842ರ ಫೆಬ್ರವರಿಯಲ್ಲಿ ಜೋಸೆಫ್ ಸ್ಮಿತ್‌ನ ಕಚೇರಿಗೆ ಗುಮಾಸ್ತನಾಗಿ ಬಂದ. ಅದೇ ವರ್ಷ, ಅಲ್ಲಿ ಕಟ್ಟುತ್ತಿದ್ದ ಮಾರ್ಮನ್ ದೇವಾಲಯದ ದಾಖಲೆಗಾರನಾದ. ಕಟ್ಟಡಕ್ಕೆ ಯಾರು ಎಷ್ಟು ದಶಮಾಂಶ (ಗಳಿಕೆಯ ಹತ್ತನೇ ಒಂದು ಪಾಲಿನ ಕಾಣಿಕೆ) ಕೊಟ್ಟರು, ಹಣವೋ ದನವೋ ಕೂಲಿಯೋ ಎಂಬುದೆಲ್ಲ ಅವನ ಪುಸ್ತಕಕ್ಕೆ ಬರುತ್ತಿತ್ತು.

1844ರಲ್ಲಿ ಶುರುವಾದ 'ಐವತ್ತರ ಮಂಡಳಿ' ಎಂಬ ಗುಪ್ತ ಸಭೆಯ ನಡಾವಳಿ ಬರೆದವನೂ ಇವನೇ. ಆ ವರ್ಷದ ಜೂನ್ 27ರಂದು ಕಾರ್ಥೇಜ್ ಜೈಲಿನಲ್ಲಿ ಜೋಸೆಫ್ ಸ್ಮಿತ್‌ನ ಕೊಲೆಯಾಯಿತು. ಅದಕ್ಕೆ ಕೆಲವು ದಿನ ಮೊದಲು, ಆ ಕಾಗದಗಳನ್ನು ಸುಡು ಇಲ್ಲವೇ ಹೂಳು ಎಂದು ಅವನು ಹೇಳಿ ಕಳುಹಿಸಿದ್ದ. ಕ್ಲೇಟನ್ ಸುಡಲಿಲ್ಲ, ತೋಟದಲ್ಲಿ ಹೂತ; ಗಲಾಟೆ ತಣ್ಣಗಾದ ಮೇಲೆ ಅಗೆದು ತೆಗೆದ. ಮುಂದೆ ಅವನೇ ಶುದ್ಧಪ್ರತಿ ಮಾಡಿದ ಆ ನಡಾವಳಿ 2016ರಲ್ಲಿ ಅಚ್ಚಾಯಿತು. ಅವನು ಬೆಂಕಿಯನ್ನು ಆರಿಸಿಕೊಂಡಿದ್ದರೆ ಆ ತಿಂಗಳುಗಳ ಮಾತುಕತೆ ಯಾರಿಗೂ ದಕ್ಕುತ್ತಿರಲಿಲ್ಲ.

## ಬಂಡಿ ಹೂಡಿದ ಮೇಲೆ

ಹೊರಡುವಾಗ ಒಂದು ಕುಟುಂಬ ಏನೇನು ತುಂಬಿಕೊಳ್ಳಬೇಕಿತ್ತು?

ಜೋಸೆಫ್ ಕೊಲೆಯ ನಂತರವೂ ನೆರೆಯವರ ಹಗೆ ನಿಲ್ಲದೆ, ಮಾರ್ಮನ್ನರು ಹೊಸ ಮುಂದಾಳು ಬ್ರಿಗಮ್ ಯಂಗ್ ಜೊತೆ ನೌವೂ ಬಿಟ್ಟು ಪಶ್ಚಿಮಕ್ಕೆ ಹೊರಡಲು ನಿಶ್ಚಯಿಸಿದರು. 1845ರ ಅಕ್ಟೋಬರಿನಲ್ಲಿ ನೌವೂನ ಪತ್ರಿಕೆಯಲ್ಲಿ ಪಟ್ಟಿ ಬಂತು. ಐದು ಜನ ದೊಡ್ಡವರಿಗೆ ಮುಚ್ಚಿಗೆಯಿರುವ ಗಟ್ಟಿ ಬಂಡಿ ಒಂದು, ನಾಲ್ಕರಿಂದ ಹತ್ತು ವರ್ಷದೊಳಗಿನ ಎತ್ತು ಮೂರು ಜೋಡಿ, ಹಾಲಿನ ಹಸು ಎರಡು, ಹಿಟ್ಟು 1,000 ಪೌಂಡ್ (ಸುಮಾರು 450 ಕಿಲೋ), ಸಕ್ಕರೆ 100 ಪೌಂಡ್, ಉಪ್ಪು 25 ಪೌಂಡ್, ಅಕ್ಕಿ 10 ಪೌಂಡ್, ಒಂದು ಬುಷೆಲ್ ಹುರುಳಿಕಾಯಿ ಕಾಳು, ರೊಟ್ಟಿ ಉಬ್ಬಿಸಲು ಅಡುಗೆ ಸೋಡಾ, ಗಂಡಸಿಗೊಂದು ಬಂದೂಕು, ಮದ್ದು, ಸೀಸ, ಮೀನಿನ ಗಾಳ. ಚಕ್ಕೆ, ಲವಂಗ, ಜಾಯಿಕಾಯಿ ಕೂಡ ಪಟ್ಟಿಯಲ್ಲಿದ್ದವು.

ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಬೆದರಿಕೆ ಹೆಚ್ಚಿ ವಸಂತಕ್ಕೆ ಕಾಯದೆ ಚಳಿಗಾಲದಲ್ಲೇ ಹೊರಟದ್ದರಿಂದ ಎಷ್ಟೋ ಮನೆಗಳವರು ಅರ್ಧ ಸಾಮಾನಿನಲ್ಲೇ ನದಿ ದಾಟಿದರು.

ಐಯೋವಾ ದಾಟೋಕೆ ನಾಲ್ಕು ತಿಂಗಳು ಯಾಕೆ? ಬರೀ 300 ಮೈಲಿ ತಾನೇ?

ಮುಂದಿನ ವರ್ಷ 1,000 ಮೈಲಿಯನ್ನೇ ನಾಲ್ಕು ತಿಂಗಳೊಳಗೆ ಮುಗಿಸಿದವರು ಇವರು. ಆದ್ದರಿಂದ ಈ ಪ್ರಶ್ನೆ ನ್ಯಾಯವಾದದ್ದು.

ಕಾರಣ ಮುಖ್ಯವಾಗಿ ಕೆಸರು ಮತ್ತು ಮೇವು. ಮೊದಲ ಬಂಡಿಗಳು 1846ರ ಫೆಬ್ರವರಿ 4ರಂದು ಮಿಸಿಸಿಪ್ಪಿ ದಾಟಿದವು, ಕ್ಲೇಟನ್ ಫೆಬ್ರವರಿ 27ರಂದು. ಆಗ ಹುಲ್ಲು ಚಿಗುರಿರಲಿಲ್ಲ. ಎತ್ತಿಗೆ ಜೋಳ ಕೊಳ್ಳಬೇಕು, ಕೊಳ್ಳಲು ದುಡ್ಡಿಲ್ಲ. ಗಂಡಸರು ದಾರಿಯ ರೈತರ ಹತ್ತಿರ ಬೇಲಿಗೂಟ ಸೀಳಿ, ಕಾಳು ಪಡೆದು ಬರುತ್ತಿದ್ದರು. ಹಿಮ ಕರಗಿ, ಮೇಲೆ ಮಳೆ ಸುರಿದು, ನೆಲ ಗಾಲಿಯ ಗುಂಬದವರೆಗೆ ಹೂತುಹೋಗುವಂತಾಯಿತು. ಒಂದು ಬಂಡಿಗೆ ಎರಡು ಬಂಡಿಯ ಎತ್ತು ಕಟ್ಟಿ ಎಳೆದು, ಹಿಂದಕ್ಕೆ ಬಂದು ಇನ್ನೊಂದನ್ನು ಎಳೆಯಬೇಕು. ಹಿಂದೆ ಬರುವವರಿಗಾಗಿ ಗಾರ್ಡನ್ ಗ್ರೋವ್, ಮೌಂಟ್ ಪಿಸ್ಗಾ ಎಂಬಲ್ಲಿ ನಿಂತು ಹೊಲ ಉತ್ತು ಬಿತ್ತಿದರು ಕೂಡ. ಬ್ರಿಗಮ್ ಯಂಗ್ ಮಿಸೌರಿ ನದಿ ತಲುಪಿದ್ದು ಜೂನ್ 14ಕ್ಕೆ.

ಕ್ಲೇಟನ್ ಇದ್ದ ಪಿಟ್ ಎಂಬಾತನ ವಾದ್ಯತಂಡ ಫಾರ್ಮಿಂಗ್ಟನ್, ಕಿಯೋಸಾಕ್ವಾ ಊರುಗಳಲ್ಲಿ ಕಛೇರಿ ಕೊಟ್ಟು ಒಂದಿಷ್ಟು ಸಂಪಾದಿಸಿತು. ತಮ್ಮನ್ನು ಅನುಮಾನದಿಂದ ನೋಡುತ್ತಿದ್ದ ಊರಿನವರ ಮುಂದೆಯೇ ಅವರು ನುಡಿಸಿದರು, ಜನ ಹಣ ಕೊಟ್ಟು ಕೇಳಿದರು. ಆ ದಾರಿಯಲ್ಲಿ ಹೀಗೆ ಹಗುರಾದ ಸಂಜೆಗಳು ಕಡಿಮೆ.

'ಕಮ್, ಕಮ್, ಯೀ ಸೇಂಟ್ಸ್' ಹಾಡು ಬರೆದದ್ದು ಇವನೇನಾ? ಯಾವ ಸಂದರ್ಭದಲ್ಲಿ?

ಹೌದು. 1846ರ ಏಪ್ರಿಲ್ 15, ಐಯೋವಾದ ಲೋಕಸ್ಟ್ ಕ್ರೀಕ್ ಬಿಡಾರ. ಅವನ ಪತ್ನಿಯರಲ್ಲಿ (ಬಹುಪತ್ನಿತ್ವದ ಮಾತು ಮುಂದೆ ಬರುತ್ತದೆ) ಒಬ್ಬಳಾದ ಡಯಾಂತಾ ಫಾರ್ ತುಂಬು ಬಸುರಿಯಾದ್ದರಿಂದ ನೌವೂನಲ್ಲಿ ತಂದೆತಾಯಿಯ ಬಳಿ ಉಳಿದಿದ್ದಳು. ಮಾರ್ಚ್ 30ರಂದೇ ಗಂಡುಮಗುವಾಗಿದ್ದರೂ ಸುದ್ದಿ ಬಿಡಾರ ಮುಟ್ಟಲು ಎರಡು ವಾರ ಹಿಡಿಯಿತು. ಸುದ್ದಿ ಬಂದ ದಿನವೇ ಅವನು ಹಾಡು ಕಟ್ಟಿದ. ಮಟ್ಟು ಅವನದಲ್ಲ, ಆಗಲೇ ಬಳಕೆಯಲ್ಲಿದ್ದ 'ಆಲ್ ಈಸ್ ವೆಲ್' ಎಂಬ ಹಾಡಿನದು. ಡೈರಿಯಲ್ಲಿ ಅದಕ್ಕೆ ಕೊಟ್ಟ ಹೆಸರೂ ಅದೇ.

ದಾರಿಯಲ್ಲೇ ಸತ್ತರೂ ಸರಿಯೇ ಎಂದು ಹೇಳುವ ಕೊನೆಯ ನುಡಿ ಅಲಂಕಾರದ ಮಾತಲ್ಲ. ಆ ವಸಂತದಲ್ಲಿ ಬಿಡಾರದ ಹಿಂದೆ ಗೋರಿಗಳು ಸಾಲಾಗಿ ಉಳಿಯುತ್ತಿದ್ದವು. ಡಯಾಂತಾ ಸ್ವತಃ 1850ರಲ್ಲಿ, ಇಪ್ಪತ್ತೆರಡು ದಾಟುವ ಮೊದಲೇ ತೀರಿಕೊಂಡಳು.

1847ರ ಮೊದಲ ತಂಡದಲ್ಲಿ ಯಾರು ಯಾರಿದ್ದರು?

143 ಗಂಡಸರು, ಮೂವರು ಹೆಂಗಸರು, ಇಬ್ಬರು ಮಕ್ಕಳು. ಎಪ್ಪತ್ತಕ್ಕೂ ಹೆಚ್ಚು ಬಂಡಿ, ಒಂದು ಫಿರಂಗಿ, ನದಿ ದಾಟಲು ಒಂದು ಚರ್ಮದ ದೋಣಿ. ಹೆಂಗಸರು ಹ್ಯಾರಿಯೆಟ್ ಯಂಗ್, ಕ್ಲಾರಿಸಾ ಡೆಕರ್ ಯಂಗ್, ಎಲೆನ್ ಕಿಂಬಲ್. ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ ಎಂಬ ಮೂವರು ಕಪ್ಪುಜನರೂ ಇದ್ದರು. ಅವರು ಬಂದದ್ದು ಸ್ವಂತ ಇಚ್ಛೆಯಿಂದಲ್ಲ, ದಕ್ಷಿಣದ ಮಾರ್ಮನ್ ಮನೆಗಳ ಗುಲಾಮರಾಗಿ. ಸಂಭ್ರಮದ ಕಥನಗಳಲ್ಲಿ ಈ ಮಾತು ಬಹುಕಾಲ ಬಿಟ್ಟುಹೋಗಿತ್ತು, ಬಿಡುವುದು ಸರಿಯಲ್ಲ.

ಕ್ಲೇಟನ್ ಕೊನೆಯ ಗಳಿಗೆಯ ಸೇರ್ಪಡೆ. ಏಪ್ರಿಲ್ 14ರಂದು ಮುಖದ ನೋವಿನಿಂದ ಹಾಸಿಗೆ ಹಿಡಿದಿದ್ದವನ ಬಳಿ ಬ್ರಿಗಮ್ ಯಂಗ್ ಬಂದು, ಅರ್ಧ ಗಂಟೆಯಲ್ಲಿ ಎದ್ದು ಹೊರಡು ಎಂದ. ಅವನು ಹೊರಟ.

ದಾರಿಯಲ್ಲಿ ಒಂದು ದಿನ ಹೇಗಿರುತ್ತಿತ್ತು?

ಬೆಳಗ್ಗೆ ಐದಕ್ಕೆ ಕಹಳೆ. ಪ್ರಾರ್ಥನೆ, ಅಡುಗೆ, ದನಕ್ಕೆ ಮೇವು, ಏಳಕ್ಕೆ ಪ್ರಯಾಣ. ಸಂಜೆ ಬಂಡಿಗಳನ್ನು ದುಂಡಗೆ ನಿಲ್ಲಿಸಿ, ಮೂಕಿ ಹೊರಮುಖವಾಗಿಟ್ಟು, ಒಂದರ ಮುಂದಿನ ಗಾಲಿಗೆ ಇನ್ನೊಂದರ ಹಿಂದಿನ ಗಾಲಿ ತಾಗಿಸುತ್ತಿದ್ದರು, ಒಳಗೆ ದನಕರು. ಎಂಟೂವರೆಗೆ ಮತ್ತೆ ಕಹಳೆ, ಒಂಬತ್ತಕ್ಕೆ ಮಲಗಬೇಕು. ಭಾನುವಾರ ಪ್ರಯಾಣವಿಲ್ಲ.

## ಗಾಲಿ, ಹಲ್ಲು, ಮೈಲಿ

ಗಾಲಿ ಎಷ್ಟು ಸುತ್ತು ತಿರುಗಿತು ಅಂತ ಇಡೀ ದಿನ ಎಣಿಸಿದ್ದು ನಿಜವೇ?

ನಿಜ. ದಿನಕ್ಕೆ ಎಷ್ಟು ಮೈಲಿ ನಡೆದೆವು ಎಂಬುದರ ಬಗ್ಗೆ ಬಿಡಾರದಲ್ಲಿ ದಿನವೂ ಜಗ್ಗಾಟ. ದಣಿದವರಿಗೆ ದಾರಿ ಉದ್ದವಾಗಿಯೇ ಕಾಣುತ್ತದೆ. ತಾನು ಬರೆದಿಡುತ್ತಿರುವ ಅಂಕಿ ಹಿಂದೆ ಬರುವ ಕುಟುಂಬಗಳಿಗೆ ನೀರು, ಮೇವು ಎಷ್ಟು ದೂರವೆಂದು ಹೇಳಬೇಕು; ಅದು ತಪ್ಪಿದರೆ ದನ ಸಾಯುತ್ತವೆ ಎಂಬುದು ಕ್ಲೇಟನ್‌ಗೆ ಗೊತ್ತಿತ್ತು.

ಮೇ 8ರಂದು, ಇಂದಿನ ನೆಬ್ರಾಸ್ಕಾದಲ್ಲಿ, ತಾನು ಮಲಗುತ್ತಿದ್ದ ಕಿಂಬಲ್‌ನ ಬಂಡಿಯ ಎಡಗಡೆಯ ಹಿಂದಿನ ಗಾಲಿಯನ್ನು ಅಳೆದ. ಸುತ್ತಳತೆ 14 ಅಡಿ 8 ಅಂಗುಲ. ಮೈಲಿಗೆ 5,280 ಅಡಿ. ಭಾಗಿಸಿದರೆ ಸರಿಯಾಗಿ 360 ಸುತ್ತು, ಒಂದು ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಾಲಿಗೆ ಗುರುತಿಗೆ ಕೆಂಪು ಬಟ್ಟೆ ಕಟ್ಟಿ, ಪಕ್ಕದಲ್ಲಿ ನಡೆಯುತ್ತ ಎಣಿಸಿದ. ಸಂಜೆಗೆ 4,070 ಸುತ್ತು, ಅಂದರೆ ಹನ್ನೊಂದೂಕಾಲು ಮೈಲಿಯ ಮೇಲೆ 20 ಸುತ್ತು. ಉಳಿದವರ ಅಂದಾಜು ಹದಿಮೂರು, ಹದಿನಾಲ್ಕು ಮೈಲಿ.

ಆಮೇಲೆ ಮಾಡಿದ ಮರದ ಯಂತ್ರದ ಒಳಗೆ ಏನಿತ್ತು? ಸ್ವಲ್ಪ ಬಿಡಿಸಿ ಹೇಳಿ.

ಗಾಲಿಯ ಸುತ್ತನ್ನು ತಾನೇ ಎಣಿಸಿ ಮೈಲಿ ತೋರಿಸುವ ಈ ಯಂತ್ರದಲ್ಲಿ ಮೂರು ಹಂತಗಳಿದ್ದವು. ಗಾಲಿಯ ಗುಂಬಕ್ಕೆ ಒಂದೇ ಒಂದು ಹಲ್ಲು ಬಡಿದಿತ್ತು. ಅದರ ಎದುರಿಗೆ ಸುಮಾರು 18 ಅಂಗುಲ ಉದ್ದದ ಒಂದು ದಂಡ. ಕೆಳತುದಿ ಬಂಡಿಯ ಅಚ್ಚುಮರದಲ್ಲಿ, ಮೇಲ್ತುದಿ ಬಂಡಿಯ ಪಕ್ಕಕ್ಕೆ ಬಡಿದ ಮರದ ತುಂಡಿನಲ್ಲಿ, ಸುಮಾರು 45 ಡಿಗ್ರಿ ಓರೆಯಾಗಿ. ದಂಡದ ಕೆಳಭಾಗದಲ್ಲಿ ಸಮದೂರಕ್ಕೆ ಆರು ತೋಳು. ಗಾಲಿ ಒಂದು ಸುತ್ತು ಬಂದಾಗ ಗುಂಬದ ಹಲ್ಲು ಒಂದು ತೋಳನ್ನು ತಳ್ಳುತ್ತದೆ. ಆರು ಸುತ್ತಿಗೆ ದಂಡ ಒಂದು ಪೂರ್ತಿ ಸುತ್ತು.

ದಂಡದ ಮೇಲ್ಭಾಗದಲ್ಲಿ ತಿರುಪಿನ ಗೀರು ಕೊರೆದಿತ್ತು. ಅದಕ್ಕೆ 60 ಹಲ್ಲಿನ ಚಕ್ರ ಕೂತಿತ್ತು. ದಂಡ ಒಮ್ಮೆ ತಿರುಗಿದರೆ ಚಕ್ರ ಒಂದು ಹಲ್ಲು ಸರಿಯುತ್ತದೆ. ಹಾಗಾಗಿ 6 × 60 = 360 ಗಾಲಿಸುತ್ತಿಗೆ, ಅಂದರೆ ಒಂದು ಮೈಲಿಗೆ, ಈ ಚಕ್ರ ಒಂದು ಸುತ್ತು.

ಆ ಚಕ್ರದ ಅಚ್ಚಿನ ಮೇಲೆ ನಾಲ್ಕು ಹಲ್ಲು ಕೆತ್ತಿ, ಅವು 40 ಹಲ್ಲಿನ ಇನ್ನೊಂದು ಚಕ್ರವನ್ನು ತಿರುಗಿಸುವಂತೆ ಮಾಡಿದ್ದರು. ಇಲ್ಲಿ ಒಂದು ಹಲ್ಲು ಅಂದರೆ ಕಾಲು ಮೈಲಿ. ಪೂರ್ತಿ ಸುತ್ತು ಅಂದರೆ ಹತ್ತು ಮೈಲಿ. ಎಲ್ಲ ಸೇರಿ 18 ಅಂಗುಲ ಉದ್ದ, 15 ಅಂಗುಲ ಎತ್ತರ, 3 ಅಂಗುಲ ದಪ್ಪದ ಜಾಗದೊಳಗೆ ಕೂರುತ್ತಿತ್ತು. ಮೇ 12ರಂದು ಮೈಲಿ ತೋರಿಸುವಷ್ಟು ಭಾಗ ಸಿದ್ಧವಾಯಿತು, ಮೇ 16ಕ್ಕೆ ಹತ್ತು ಮೈಲಿಯ ಚಕ್ರವೂ ಸೇರಿತು. ಬಯಲಿನ ನಡುವೆ, ಪ್ರಯಾಣ ನಿಲ್ಲಿಸದೆ, ಕೈಗೆ ಸಿಕ್ಕ ಮರದಲ್ಲಿ ಇದನ್ನು ಮಾಡಿದರು ಎಂಬುದು ನಿಜಕ್ಕೂ ಮೆಚ್ಚಬೇಕಾದ ಸಂಗತಿ.

ಓಡೋಮೀಟರ್ ಕಂಡುಹಿಡಿದವನೇ ಕ್ಲೇಟನ್ ಅಂತಾರಲ್ಲ?

ಅಲ್ಲ. ಗಾಲಿ ಸುತ್ತಿನಿಂದ ದೂರ ಅಳೆಯುವ ಉಪಾಯವನ್ನು ರೋಮನ್ನರ ಕಾಲದ ವಿಟ್ರೂವಿಯಸ್ ಆಗಲೇ ಬರೆದಿಟ್ಟಿದ್ದ. ಈ ತಂಡದ ಮಟ್ಟಿಗೆ ಹೇಳುವುದಾದರೆ, ಯಂತ್ರ ಬೇಕೆಂದು ಹಠ ಹಿಡಿದವನು ಕ್ಲೇಟನ್, ಹಲ್ಲುಗಳ ಲೆಕ್ಕ ಹಾಕಿಕೊಟ್ಟವನು ಗಣಿತ ಬಲ್ಲ ಆರ್ಸನ್ ಪ್ರ್ಯಾಟ್, ಮರದಲ್ಲಿ ಕೆತ್ತಿದವನು ಆಪಲ್ಟನ್ ಮೈಲೋ ಹಾರ್ಮನ್. ಹಾರ್ಮನ್ ತಾನೇ ಇದನ್ನು ಕಂಡುಹಿಡಿದೆನೆಂದು ಹೇಳಿಕೊಳ್ಳುತ್ತಿದ್ದಾನೆ ಎಂದು ಕ್ಲೇಟನ್ ಡೈರಿಯಲ್ಲಿ ಸಿಟ್ಟಾಗಿ ಬರೆದ. ಮೂವರಿಗೂ ಪಾಲಿದೆ, ಒಬ್ಬನಿಗೆ ಪೂರ್ತಿ ಕಿರೀಟ ಕೊಡುವ ಬರಹಗಳನ್ನು ನಂಬಬೇಡಿ.

ಮರದ ಯಂತ್ರದ ಲೆಕ್ಕ ಎಷ್ಟು ನಂಬಬಹುದು? ಎಲ್ಲಿ ತಪ್ಪಬಹುದು?

ತಪ್ಪಿನ ಮೂಲ ಹಲ್ಲಿನ ಚಕ್ರಗಳಲ್ಲಿಲ್ಲ. ಮಳೆಗೆ ಮರ ಉಬ್ಬಿದರೆ ಚಕ್ರ ಬಿಗಿಯಾಗಿ ಸಿಕ್ಕಿಕೊಳ್ಳಬಹುದು, ಹಲ್ಲು ಮುರಿದರೆ ನಿಲ್ಲಬಹುದು. ಆದರೆ ತಿರುಗುವಷ್ಟು ಹೊತ್ತು ಎಣಿಕೆ ಎಣಿಕೆಯೇ. ನೋಡಬೇಕಾದ್ದು ಗಾಲಿಯನ್ನು.

ಗಾಲಿಯ ಕಬ್ಬಿಣದ ಪಟ್ಟಿ ಸವೆದು ಸುತ್ತಳತೆ ಒಂದೇ ಅಂಗುಲ ಕಡಿಮೆಯಾದರೂ, 176 ಅಂಗುಲದಲ್ಲಿ ಒಂದು ಎಂದರೆ 1,000 ಮೈಲಿಗೆ ಐದೂವರೆ ಮೈಲಿಗಿಂತ ಹೆಚ್ಚು ಸುಳ್ಳು ಸೇರುತ್ತದೆ. ಕಡಿದಾದ ಇಳಿಜಾರಿನಲ್ಲಿ ಗಾಲಿಗೆ ಸರಪಳಿ ಬಿಗಿದು ಜಾರಿಸುವಾಗ ಅದು ತಿರುಗುವುದೇ ಇಲ್ಲ. ಅಷ್ಟು ದೂರ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಬಂಡಿ ಗುಂಡಿ ಬಳಸಿ ಸುತ್ತು ಹೊಡೆದರೆ ಅದೂ ಸೇರುತ್ತದೆ. ಅಂದರೆ ಈ ಯಂತ್ರ ಹೇಳುವುದು ಬಂಡಿ ಉರುಳಿದ ದೂರ, ನಕ್ಷೆಯ ದೂರವಲ್ಲ. ವಲಸಿಗರಿಗೆ ಬೇಕಾದದ್ದೂ ಅದೇ. ಇವತ್ತಿನ ಅಳತೆಯ ಜೊತೆ ಹೋಲಿಸಿ ತಪ್ಪು ಹುಡುಕುವವರು ಈ ವ್ಯತ್ಯಾಸ ಮರೆಯುತ್ತಾರೆ.

ಅವನ ಮಾರ್ಗದರ್ಶಿ ಪುಸ್ತಕದಲ್ಲಿ ಏನಿತ್ತು? ಯಾಕೆ ಅಷ್ಟು ಹೆಸರು?

ಕ್ಲೇಟನ್ 1847ರ ಜುಲೈ 22ರಂದು ಕಣಿವೆಗೆ ಇಳಿದ, ಬ್ರಿಗಮ್ ಯಂಗ್‌ಗಿಂತ ಎರಡು ದಿನ ಮೊದಲು. ಮನೆಮಂದಿ ಇನ್ನೂ ಮಿಸೌರಿ ದಂಡೆಯ ಚಳಿಗಾಲದ ಬಿಡಾರವಾದ ವಿಂಟರ್ ಕ್ವಾರ್ಟರ್ಸ್‌ನಲ್ಲಿದ್ದರು. ಆಗಸ್ಟ್ 17ರಂದು ವಾಪಸ್ ಹೊರಟ. ಈ ಸಲ ವಿಲಿಯಂ ಕಿಂಗ್ ಎಂಬಾತ ಮಾಡಿಕೊಟ್ಟ ಹೊಸ ಯಂತ್ರ 1,000 ಮೈಲಿವರೆಗೆ ತಾನೇ ಎಣಿಸುತ್ತಿತ್ತು. ಹೋಗುವಾಗಿನ ಅಳತೆಯನ್ನು ಬರುವಾಗ ಮತ್ತೆ ಅಳೆದು ನೋಡಿದ. ಅಕ್ಟೋಬರ್ 21ರಂದು ತಲುಪಿದ.

ಎರಡನ್ನೂ ಸೇರಿಸಿ 1848ರಲ್ಲಿ ಸೇಂಟ್ ಲೂಯಿಸ್‌ನಲ್ಲಿ 'ದಿ ಲ್ಯಾಟರ್-ಡೇ ಸೇಂಟ್ಸ್ ಎಮಿಗ್ರೆಂಟ್ಸ್ ಗೈಡ್' ಅಚ್ಚು ಹಾಕಿಸಿದ. 24 ಪುಟದ ಕಿರುಹೊತ್ತಗೆ, ಜೇಬಿನಲ್ಲಿಡಬಹುದು. ಪ್ರತಿ ಸಾಲಿನಲ್ಲೂ ಒಂದು ಜಾಗ: ಹಳ್ಳ, ಬುಗ್ಗೆ, ದಿಣ್ಣೆ, ನದಿ ದಾಟುವ ಕಡವು. ಎದುರಿಗೆ ಮೂರು ಅಂಕಿ: ಹಿಂದಿನ ಜಾಗದಿಂದ ಎಷ್ಟು, ವಿಂಟರ್ ಕ್ವಾರ್ಟರ್ಸ್‌ನಿಂದ ಎಷ್ಟು, ಸಾಲ್ಟ್ ಲೇಕ್‌ಗೆ ಇನ್ನೆಷ್ಟು. ಉದಾಹರಣೆಗೆ ಫೋರ್ಟ್ ಲಾರಮಿ: ಹಿಂದೆ 522, ಮುಂದೆ 509. ಒಟ್ಟು ದಾರಿ 1,031 ಮೈಲಿ. ಎಲ್ಲಿ ಸೌದೆಯಿಲ್ಲ, ಎಲ್ಲಿ ನೀರು ಕೆಟ್ಟದ್ದು, ಎಲ್ಲಿ ಇಳಿಜಾರು ಅಪಾಯ ಎಂಬ ಟಿಪ್ಪಣಿ ಜೊತೆಗಿತ್ತು. ಭಾವುಕತೆ ಒಂದು ಸಾಲೂ ಇಲ್ಲ. ಇವತ್ತು ಎಲ್ಲಿ ನೀರು ಕುಡಿಸಿ ಎಲ್ಲಿ ಬಿಡಾರ ಹೂಡಬೇಕು ಎಂದು ಬೆಳಗ್ಗೆಯೇ ತೀರ್ಮಾನಿಸಲು ಆಗುತ್ತಿತ್ತು. ಮರುವರ್ಷ ಚಿನ್ನ ಹುಡುಕಿ ಕ್ಯಾಲಿಫೋರ್ನಿಯಾ ಕಡೆ ಹೊರಟ ಮಾರ್ಮನ್ನರಲ್ಲದವರೂ ಇದನ್ನು ಹಿಡಿದು ನಡೆದರು.

## ತೊಡಕಿನ ಪ್ರಶ್ನೆಗಳು

ಅವನಿಗೆ ಎಷ್ಟು ಜನ ಹೆಂಡತಿಯರು? ಇದನ್ನು ಯಾಕೆ ಮುಚ್ಚಿಡ್ತೀರಿ?

ಮುಚ್ಚಿಡುವುದೇನಿಲ್ಲ. ಒಟ್ಟು ಹತ್ತು ಮದುವೆ, 42 ಮಕ್ಕಳು ಎಂದು ಸಾಮಾನ್ಯವಾಗಿ ಲೆಕ್ಕ. ಕೆಲವು ಪತ್ನಿಯರು ಅವನನ್ನು ಬಿಟ್ಟುಹೋದರು.

1843ರ ಏಪ್ರಿಲ್ 27ರಂದು ರೂತ್‌ಳ ತಂಗಿ ಮಾರ್ಗರೆಟ್ ಮೂನ್‌ಳನ್ನು ಗುಟ್ಟಾಗಿ ಮದುವೆಯಾದ. ಅವಳಿಗೆ ಆಗಲೇ ಆರನ್ ಫಾರ್ ಎಂಬ ಯುವಕನ ಜೊತೆ ಮಾತಾಗಿತ್ತು; ಊರಿಗೆ ಮರಳಿದ ಆರನ್‌ಗೆ ವಿಷಯ ತಿಳಿದಾಗ ಮೂವರೂ ಪಟ್ಟ ಸಂಕಟ ಕ್ಲೇಟನ್‌ನ ಡೈರಿಯಲ್ಲೇ ಇದೆ. ಆ ಪುಟಗಳಲ್ಲಿ ಮಾರ್ಗರೆಟ್‌ಳ ದುಃಖ ಕಾಣುತ್ತದೆ, ಆದರೆ ಅವನ ಕಣ್ಣಿನಿಂದ. ಅವಳೇ ಬರೆದ ಮಾತು ನಮ್ಮ ಮುಂದಿಲ್ಲ. ಓದುವಾಗ ಈ ಕೊರತೆ ಸದಾ ನೆನಪಿರಬೇಕು.

ಬಹುಪತ್ನಿತ್ವದ 'ದೇವವಾಣಿ' ಬರೆದುಕೊಂಡವನು ಇವನೇ ಅಂತ ಹೇಗೆ ಗೊತ್ತು?

ಒಬ್ಬನಿಗೆ ಹಲವು ಪತ್ನಿಯರಿರಲು ದೇವರ ಒಪ್ಪಿಗೆಯಿದೆ ಎಂಬ ಆ ಬರಹವನ್ನು 1843ರ ಜುಲೈ 12ರಂದು ಜೋಸೆಫ್ ಸ್ಮಿತ್ ಹೇಳಿದ, ಕ್ಲೇಟನ್ ಬರೆದುಕೊಂಡ. ಜೊತೆಗಿದ್ದವನು ಜೋಸೆಫ್‌ನ ಅಣ್ಣ ಹೈರಮ್. ಅಂದಿನ ಡೈರಿಯಲ್ಲಿ ಹತ್ತು ಪುಟದ ಬರಹವೆಂದೂ, ಅದನ್ನು ಓದಿಹೇಳಿದಾಗ ಜೋಸೆಫ್‌ನ ಪತ್ನಿ ಎಮ್ಮಾ ಒಂದು ಮಾತನ್ನೂ ನಂಬಲಿಲ್ಲವೆಂದೂ ಇದೆ. ಮೂಲಪ್ರತಿ ನಾಶವಾಯಿತು. ಅದಕ್ಕೆ ಮೊದಲೇ ಸಭೆಯ ಬಿಷಪ್ ನ್ಯೂಯೆಲ್ ವಿಟ್ನಿಗಾಗಿ ಜೋಸೆಫ್ ಕಿಂಗ್ಸ್‌ಬರಿ ಒಂದು ನಕಲು ಮಾಡಿದ್ದ, ಉಳಿದದ್ದು ಅದು. ಸಾರ್ವಜನಿಕವಾಗಿ ಪ್ರಕಟವಾದದ್ದು 1852ರ ಆಗಸ್ಟ್‌ನಲ್ಲಿ. 1874ರಲ್ಲಿ ಕ್ಲೇಟನ್ ಪ್ರಮಾಣಪತ್ರವನ್ನೂ ಕೊಟ್ಟ.

ಸಾಕ್ಷಿ ತೂಗುವಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅಂದೇ ಬರೆದ ಡೈರಿಗೆ ತೂಕ ಹೆಚ್ಚು. ಮೂವತ್ತು ವರ್ಷದ ನಂತರ, ಜೋಸೆಫ್ ಸತ್ತ ಮೇಲೆ ಒಡೆದುಹೋದ ಪಂಥಗಳ ಜಗಳದ ನಡುವೆ ಕೊಟ್ಟ ಪ್ರಮಾಣಪತ್ರಕ್ಕೆ ಕಡಿಮೆ. ಇಲ್ಲಿ ಎರಡೂ ಮುಖ್ಯ ವಿಷಯದಲ್ಲಿ ಹೊಂದುತ್ತವೆ.

ಕಿಂಡರ್‌ಹುಕ್ ತಗಡುಗಳ ವಿಷಯದಲ್ಲಿ ಕ್ಲೇಟನ್ ಹೆಸರು ಯಾಕೆ ಬರುತ್ತೆ?

1843ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಿಂಡರ್‌ಹುಕ್‌ನಲ್ಲಿ ಒಂದು ದಿಬ್ಬ ಅಗೆದಾಗ, ಗಂಟೆಯಾಕಾರದ ಆರು ಹಿತ್ತಾಳೆ ತಗಡುಗಳು ವಿಚಿತ್ರ ಗೀಚುಗಳ ಸಮೇತ 'ಸಿಕ್ಕವು'. 'ಬುಕ್ ಆಫ್ ಮಾರ್ಮನ್' ಅನ್ನು ಪುರಾತನ ತಗಡುಗಳಿಂದ ಅನುವಾದಿಸಿದೆ ಎನ್ನುತ್ತಿದ್ದ ಜೋಸೆಫ್ ಸ್ಮಿತ್, ಇವುಗಳ ಒಂದು ಭಾಗವನ್ನೂ ಅನುವಾದಿಸಿದ್ದಾನೆ ಎಂದು ಮೇ 1ರಂದು ಕ್ಲೇಟನ್ ಬರೆದ. ಮುಂದೆ ಸಭೆಯ ಇತಿಹಾಸ ಕಟ್ಟಿದವರು ಆ ಸಾಲನ್ನು ಎತ್ತಿಕೊಂಡು, ಜೋಸೆಫ್ ತಾನೇ ಹೇಳಿದಂತೆ 'ನಾನು ಅನುವಾದಿಸಿದೆ' ಎಂದು ತಿದ್ದಿದರು. ತಗಡುಗಳು ತಮಾಷೆಗೆ ಮಾಡಿದ ಮೋಸವೆಂದು ಅದರಲ್ಲಿ ಕೈಯಿದ್ದ ವಿಲ್ಬರ್ ಫ್ಯೂಗೇಟ್ 1879ರಲ್ಲಿ ಒಪ್ಪಿಕೊಂಡ. ಶಿಕಾಗೋದಲ್ಲಿ ಉಳಿದಿದ್ದ ಒಂದು ತಗಡಿನ ಪರೀಕ್ಷೆ 1980ರಲ್ಲಿ ಅದನ್ನೇ ಹೇಳಿತು.

ಟೀಕಾಕಾರರೂ ಭಕ್ತರೂ ಇದರ ಮೇಲೆ ಬಹಳ ಬರೆದಿದ್ದಾರೆ. ಎರಡು ಕಡೆಯವರೂ ಮೊದಲು ಕ್ಲೇಟನ್‌ನ ಮೂಲ ಸಾಲಿಗೆ ಹೋಗಬೇಕು, ತಿದ್ದಿದ ಸಾಲಿಗಲ್ಲ.

ಹಾಗಾದರೆ ಅವನ ಡೈರಿಯನ್ನು ಓದುವುದು ಹೇಗೆ?

ಯಾವ ಡೈರಿ ಎಂದು ಮೊದಲು ನೋಡಿಕೊಳ್ಳಿ. ಇಂಗ್ಲೆಂಡಿನದು, ನೌವೂನ ಖಾಸಗಿ ಡೈರಿ, ಕಿಂಬಲ್ ಹೆಸರಿನಲ್ಲಿ ಬರೆದ ದೇವಾಲಯದ ದಿನಚರಿ, 1846–47ರ ದಾರಿಯ ಡೈರಿ – ನಾಲ್ಕರ ಉದ್ದೇಶವೂ ಬೇರೆ. ತಾನು ಕಂಡದ್ದು, ಬೇರೆಯವರು ಹೇಳಿದ್ದು ಎಂಬ ಗೆರೆಯನ್ನು ಪ್ರತಿ ನಮೂದಿನಲ್ಲೂ ಎಳೆದು ನೋಡಬೇಕು. ಭಾಷಣಗಳಲ್ಲಿ ಬೇರೆ ಬರಹಗಾರರ ಟಿಪ್ಪಣಿಯ ಜೊತೆ ಹೋಲಿಸಬಹುದು: 1844ರ ಏಪ್ರಿಲ್ 7ರ ಜೋಸೆಫ್ ಸ್ಮಿತ್‌ನ ಹೆಸರಾಂತ ಪ್ರವಚನವನ್ನು ಕ್ಲೇಟನ್ ಜೊತೆ ರಿಚರ್ಡ್ಸ್, ವುಡ್ರಫ್, ಬುಲ್ಲಕ್ ಕೂಡ ಬರೆದುಕೊಂಡಿದ್ದರು. ಇಂದಿಗೂ ಮಾರ್ಮನ್ ಧರ್ಮಗ್ರಂಥದಲ್ಲಿರುವ 'ಡಾಕ್ಟ್ರಿನ್ ಅಂಡ್ ಕವನೆಂಟ್ಸ್' 130, 131ನೇ ಅಧ್ಯಾಯಗಳ ಮೂಲ ಇವನ ನೌವೂ ಡೈರಿಯೇ.

ಉಟಾದಲ್ಲಿ ಕೊನೆಯ ಮೂವತ್ತು ವರ್ಷ ಏನು ಮಾಡಿದ?

1848ರಲ್ಲಿ ಕುಟುಂಬದೊಡನೆ ಮತ್ತೆ ದಾರಿ ನಡೆದು ಕಣಿವೆ ಸೇರಿದ. ದನಗಳ ಬರೆಗುರುತು ದಾಖಲಿಸುವ ಅಧಿಕಾರಿ, ಪ್ರಾಂತದ ಲೆಕ್ಕ ಪರಿಶೋಧಕ, ಸಹಕಾರಿ ಮಳಿಗೆ ಝೆಡ್‌ಸಿಎಂಐ ಶುರುವಾದಾಗ ಅದರ ಕಾರ್ಯದರ್ಶಿ. 1852ರಲ್ಲಿ ಧರ್ಮಪ್ರಚಾರಕ್ಕೆ ಇಂಗ್ಲೆಂಡಿಗೆ ಹೋಗಿ ಮರುವರ್ಷ ಮರಳಿದ. ನಾಯಕನಾಗಲಿಲ್ಲ, ಕೊನೆವರೆಗೂ ಲೆಕ್ಕದ ಪುಸ್ತಕ ಬಿಡಲಿಲ್ಲ.

ಭಾರತಕ್ಕೆ, ನಮ್ಮ ಬೆಂಗಳೂರಿಗೆ ಈ ಕಥೆಯ ನಂಟೇನಾದರೂ ಇದೆಯೇ?

ಕ್ಲೇಟನ್ ಭಾರತಕ್ಕೆ ಬಂದವನಲ್ಲ. ಆದರೆ ಅವನನ್ನು ಇಂಗ್ಲೆಂಡಿಗೆ ನೇಮಿಸಿದ 1852ರ ಆಗಸ್ಟ್‌ನ ಅದೇ ಸಮಾವೇಶದಲ್ಲಿ ಒಂಬತ್ತು ಮಂದಿಯನ್ನು ಭಾರತಕ್ಕೂ ನೇಮಿಸಿದರು. ಅವರು 1853ರಲ್ಲಿ ಕಲ್ಕತ್ತಾದಲ್ಲಿ ಇಳಿದರು. ರಿಚರ್ಡ್ ಬ್ಯಾಲಂಟೈನ್ ಮದ್ರಾಸಿಗೆ ಬಂದ. ಕೇಳಿದವರು ಹೆಚ್ಚಾಗಿ ಇಂಗ್ಲಿಷ್ ಸೈನಿಕರು, ಅವರ ಕುಟುಂಬದವರು, ಸೇರಿದವರು ಬೆರಳೆಣಿಕೆಯಷ್ಟು. ಕೆಲವೇ ವರ್ಷಗಳಲ್ಲಿ ಪ್ರಚಾರಕರು ಮರಳಿದರು. ಸುಮಾರು ನೂರನಲವತ್ತು ವರ್ಷದ ನಂತರ, 1993ರಲ್ಲಿ, ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸಭೆಯ ಮಿಷನ್ ಶುರುವಾಯಿತು. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿನಲ್ಲಿ ಎಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥ ಅಗೆತದ ವಿಧಿ ನಡೆಯಿತು.